ಎಡಗೈಯ ಸುತ್ತು

ಲ್ಯಾವಿಂಗ್ಟನ್ ಬಡಾವಣೆಯಲ್ಲಿರುವ ನಮ್ಮ ಡೈರೆಕ್ಟರ ಮನೆಯಲ್ಲಿ ಒಂದು ಶನಿವಾರ ಆಫೀಸಿನವರಿಗೆಲ್ಲ ಸ್ಕಾಟ್ಲೆಂಡಿನ ಜಾನಪದ ಕುಣಿತದ ಪಾಠ. ಕಲಿಸಿದವರು ತಮ್ಮೂರು ಸ್ಕಾಟ್ಲೆಂಡಿನಿಂದಲೇ ಬಂದಿದ್ದ ಅವರ ವಯಸ್ಸಾದ ತಾಯಿ. ನನ್ನ ಕಾಂಟ್ರ್ಯಾಕ್ಟ್ ಆ ತಿಂಗಳು ಮುಗಿಯುವುದಿತ್ತು. ಹಾಗಾಗಿ ನನಗೆ ಜಾನಪದದಲ್ಲಿ ಇದ್ದಕ್ಕಿದ್ದಂತೆ ಆಸಕ್ತಿ ಹುಟ್ಟಿತ್ತು.

ಪಿಟೀಲಿನ ಧಾಟಿ ನಮ್ಮ ಕೋಲಾಟದಷ್ಟೇ ಚುರುಕು. ಎದುರಿನವರ ಬಲಗೈ ಹಿಡಿದು ಒಂದು ಸುತ್ತು, ಎಡಗೈ ಹಿಡಿದು ವಾಪಸ್ಸು ಇನ್ನೊಂದು. ನನಗೆ ಜೋಡಿ ಆ ತಾಯಿಯೇ. ಹಿರಿಯರಿಗೆ ಎಡಗೈ ಚಾಚುವುದುಂಟೇ? ಎರಡೂ ಸಲ ಬಲಗೈಯನ್ನೇ ಕೊಟ್ಟೆ. ಇಡೀ ಸಾಲು ಗಂಟುಬಿತ್ತು.

"ನಿನ್ನ ಎಡಗೈಗೇನಾಗಿದೆಯಪ್ಪ?" ಎಂದರು ತಾಯಿ.

"ಏನೂ ಆಗಿಲ್ಲ ಮೇಡಂ. ನಮ್ಮಲ್ಲಿ ದೊಡ್ಡವರಿಗೆ ಅದನ್ನು ಕೊಡುವುದಿಲ್ಲ."

"ನಮ್ಮಲ್ಲೂ ಅಷ್ಟೇ," ಎಂದಳು ಪಕ್ಕದಲ್ಲಿದ್ದ, ಇಲ್ಲಿಯವಳೇ ಆದ ಆಫ್ರಿಕನ್ ಅಕೌಂಟೆಂಟ್ ವಂಜಿಕು. "ನಮ್ಮಜ್ಜಿಯಾಗಿದ್ದರೆ ಬೆರಳಿಗೆ ಬಾರಿಸುತ್ತಿದ್ದರು."

"ಹಾಗಾದರೆ ಬಲಗೈಯೇ ಇರಲಿ," ಎಂದು ತಾಯಿ ತೀರ್ಪು ಕೊಟ್ಟರು.

ಎಲ್ಲರೂ ಒಂದೇ ದಿಕ್ಕಿಗೆ ತಿರುಗಿದ್ದೇ ತಿರುಗಿದ್ದು. ಮೊದಲು ತಲೆಸುತ್ತಿ ಕುಳಿತವರು ಡೈರೆಕ್ಟರು. ನನ್ನ ಕೆಲಸ ಹೋಯಿತೆಂದುಕೊಂಡೆ.

ಸೋಮವಾರ ಕರೆದು, ಹೊಸ ಕಾಂಟ್ರ್ಯಾಕ್ಟಿಗೆ ಸಹಿ ಹಾಕಿ ಚಾಚಿದರು. ಅವರು ಎಡಚರು, ಸಹಿಯೂ ಎಡಗೈಯಲ್ಲೇ, ಚಾಚಿದ್ದೂ ಎಡಗೈಯಲ್ಲೇ. ನಾನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ. ಸಂಪ್ರದಾಯಕ್ಕೂ ಒಂದು ಮಿತಿ ಇರಬೇಕು.