ಕೇಳಿ ಸುಮ್ಮನಿರುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಉದ್ದನೆಯ ಕೋಣೆಯಲ್ಲಿ ಸಾಲು ಸಾಲು ಮೇಜು, ಮೇಜಿಗೊಂದು ಕಂಪ್ಯೂಟರು, ಪಕ್ಕದವರ ಮಾತು ನುಗ್ಗದಂತೆ ನಡುವೆ ಬಟ್ಟೆ ಹೊದಿಸಿದ ತಡಿಕೆ. ಅಷ್ಟೂ ಮೇಜು ಖಾಲಿ. ಕೊನೆಯದೊಂದರಲ್ಲಿ ಮಾತ್ರ ದೀಪ ಹತ್ತಿದೆ. ಅಲ್ಲಿ ಕೂತ ಐವತ್ತು ದಾಟಿದ ಹೆಂಗಸು ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಎರಡು ಗುಟುಕು ಕುಡಿಯುತ್ತಾರೆ, ಚಪ್ಪಲಿ ಬಿಟ್ಟು ಕಾಲು ಮಡಚಿ ಕುರ್ಚಿಯ ಮೇಲಿಟ್ಟುಕೊಳ್ಳುತ್ತಾರೆ, ಕಿವಿಗೆ ಹೆಡ್‌ಫೋನ್ ಏರಿಸುತ್ತಾರೆ. ಆಚೆ ಕಡೆ ಫೋನು ರಿಂಗಾಗುತ್ತದೆ.

"ನಮಸ್ಕಾರ. ಒಲೆ ಆರಿಸಿದ ಮೇಲೆ ಮಾಡಿ ಅಂತ ನಿನ್ನೆ ನೀವೇ ಹೇಳಿದ್ರಿ. ಈಗ ಮಾತಾಡಬಹುದಾ?"

ರಾತ್ರಿಯಿಡೀ ಬ್ರೆಡ್ಡು ಬೇಯಿಸಿ ಈಗಷ್ಟೇ ಕೈತೊಳೆದುಕೊಂಡ ಬೇಕರಿಯ ಕೆಲಸಗಾರ ಆಕಳಿಸುತ್ತಲೇ ಹೂಂ ಅನ್ನುತ್ತಾನೆ. ಪ್ರಶ್ನೆ ಶುರುವಾಗುತ್ತದೆ.

ನೂರಕ್ಕೆ ಇಷ್ಟು ಜನ ಹೌದೆಂದರು, ಇಷ್ಟು ಜನ ಬೇಡವೆಂದರು ಎಂದು ಪತ್ರಿಕೆಯಲ್ಲಿ ಓದುತ್ತೇವಲ್ಲ, ಆ ಅಂಕಿಯ ಬುಡ ಇರುವುದು ಇಂಥ ಮೇಜುಗಳಲ್ಲಿ. ರಾಜ್ಯದ ಮೂಲೆಮೂಲೆಗೂ ಇಲ್ಲಿಂದ ಫೋನು ಹೋಗುತ್ತದೆ. ಸಾಮಾನ್ಯವಾಗಿ ಕರೆ ಶುರುವಾಗುವುದು ಬಿಸಿಲೇರಿದ ಮೇಲೆ. ಆದರೆ ಆ ಹೊತ್ತಿಗೆ ಬೇಕರಿಯವರು, ಕಾವಲುಗಾರರು, ಆಸ್ಪತ್ರೆಯ ಆಯಾಗಳು ಮುಸುಕೆಳೆದು ಮಲಗಿರುತ್ತಾರೆ. ಅವರನ್ನು ಬಿಟ್ಟು ಲೆಕ್ಕ ಹಾಕಿದರೆ ಅದು ಹಗಲಿನವರ ಅಭಿಪ್ರಾಯವಷ್ಟೇ ಆಗುತ್ತದೆ. ಹಾಗಾಗಿ, ಬೆಳಗಿನ ಜಾವ ಮಾಡಿ ಎಂದು ಅವರೇ ಬಾಯಿಬಿಟ್ಟು ಹೇಳಿದ್ದರೆ ಆಗಲೇ ಮಾಡಬೇಕು. ಈ ಪಾಳಿಗೆ ಬೇರೆ ಯಾರೂ ಕೈ ಎತ್ತುವುದಿಲ್ಲ. ಇವರು ವರ್ಷಗಳಿಂದ ಎತ್ತುತ್ತಲೇ ಬಂದಿದ್ದಾರೆ.

ಜೊತೆಯವರು ಇವರಿಗಿಟ್ಟ ಹೆಸರು 'ಇನ್ನೊಂದ್ಸಲದಕ್ಕ'. ಈ ಕೆಲಸದಲ್ಲಿ ಪ್ರಶ್ನೆ ಅರ್ಥವಾಗದವರಿಗೆ ಬಿಡಿಸಿ ಹೇಳುವಂತಿಲ್ಲ, ಉದಾಹರಣೆ ಕೊಡುವಂತಿಲ್ಲ, ಅಂದ್ರೆ ನೀವು ಹೇಳೋದು ಹೀಗಾ ಎಂದು ನೆರವಿಗೆ ಹೋಗುವಂತಿಲ್ಲ. "ಇನ್ನೊಂದ್ಸಲ ಓದ್ತೀನಿ" ಎಂದು ಬರೆದದ್ದನ್ನು ಬರೆದ ಹಾಗೇ ಓದಬೇಕು, ಅಷ್ಟೇ. ಹತ್ತನೇ ಸಲವಾದರೂ ಅಕ್ಕನ ದನಿಯಲ್ಲಿ ಬೇಸರ ಇಣುಕುವುದಿಲ್ಲವಂತೆ. ಅವರ ಗಂಡನನ್ನು ಕೇಳಿದರೆ ಬೇರೆಯೇ ಕಥೆ. "ಆ ತಾಳ್ಮೆಯೆಲ್ಲ ಊರಿನವರಿಗೆ. ಮನೇಲಿ ಒಂದೇ ಸಲ ಹೇಳೋದು, ಕೇಳಿಸದಿದ್ರೆ ನನ್ನ ಹಣೆಬರಹ."

ಇಲ್ಲಿಗೆ ಬರುವ ಮೊದಲು ಅಕ್ಕ ಒಂದು ದೊಡ್ಡ ಬಟ್ಟೆ ಅಂಗಡಿಯಲ್ಲಿ ಲಿಫ್ಟ್ ನಡೆಸುತ್ತಿದ್ದರು. ಮಡಚುವ ಕಬ್ಬಿಣದ ಬಾಗಿಲು, ಮೂಲೆಯಲ್ಲೊಂದು ಸ್ಟೂಲು, ದಿನವಿಡೀ ಮೇಲೆ ಕೆಳಗೆ. ಆಮೇಲೆ ತಾನೇ ಮಾತಾಡುವ ಹೊಸ ಲಿಫ್ಟ್ ಬಂತು; ಅಕ್ಕನ ಸ್ಟೂಲು ಗೋದಾಮು ಸೇರಿತು, ಅಕ್ಕ ಮನೆ ಸೇರಿದರು. ಕರೆ ಮಾಡಲು ಜನ ಬೇಕಾಗಿದ್ದಾರೆ ಎಂಬ ಬೋರ್ಡು ನೋಡಿ, ಇದ್ದ ಧೈರ್ಯವನ್ನೆಲ್ಲ ಒಟ್ಟು ಮಾಡಿಕೊಂಡು ಈ ಮೆಟ್ಟಿಲು ಹತ್ತಿದ್ದು ಆಗ. ನಿಮಗೇನು ಅನುಭವವಿದೆ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರವನ್ನು ಮೇಲ್ವಿಚಾರಕರು ಇಂದಿಗೂ ನೆನೆಯುತ್ತಾರೆ. "ಲಿಫ್ಟಲ್ಲಿ ಯಾರಿಗೂ ನೀವು ಮೇಲಕ್ಕೇ ಹೋಗಿ ಅಂತ ಹೇಳೋ ಹಾಗಿಲ್ಲ ಸರ್. ಅವರು ಹೇಳಿದ ಮಹಡಿ ಒತ್ತಬೇಕು, ಬಾಗಿಲು ತೆಗೀಬೇಕು. ಇಲ್ಲೂ ಅಷ್ಟೇ ಅಲ್ವಾ?"

ಇಲ್ಲೂ ಅಷ್ಟೇ, ಆದರೆ ಬಾಗಿಲು ತೆಗೆಸುವುದೇ ಕಷ್ಟ. ಯಾರಿಗೆ ಕರೆ ಹೋಗಬೇಕೆಂದು ಅಕ್ಕ ಆರಿಸುವುದಿಲ್ಲ. ರಾಜ್ಯದ ನಂಬರುಗಳನ್ನೆಲ್ಲ ಕಲಸಿ ಯಂತ್ರವೇ ಎತ್ತಿಕೊಡುತ್ತದೆ. ಮನೆಯ ಫೋನಾದರೆ ಎತ್ತಿಕೊಂಡವರನ್ನೇ ಕೇಳುವಂತೆಯೂ ಇಲ್ಲ, ಮನೆಯ ದೊಡ್ಡವರಲ್ಲಿ ಯಾರ ಹುಟ್ಟಿದ ದಿನ ಮೊದಲು ಬರುತ್ತದೋ ಅವರನ್ನು ಕರೆಸಬೇಕು. ಇಲ್ಲದಿದ್ದರೆ ಫೋನಿನ ಹತ್ತಿರ ಕೂತವರದ್ದೇ ರಾಜ್ಯವಾಗಿಬಿಡುತ್ತದೆ. "ಎಷ್ಟೋ ಕಡೆ ಯಜಮಾನರು ಫೋನ್ ಕಿತ್ಕೊಂಡು, ನಾನಿರೋವಾಗ ಅವಳನ್ನೇನು ಕೇಳ್ತೀರಿ ಅಂತಾರೆ. ನಿಮ್ಮ ಹುಟ್ಟಿದ ದಿನಕ್ಕೆ ಇನ್ನೂ ಬಹಳ ತಿಂಗಳಿದೆ ಸ್ವಾಮಿ ಅಂತೀನಿ. ಗೊಣಗ್ತಾ ಫೋನ್ ಹೆಂಡ್ತಿ ಕೈಗೆ ಕೊಡ್ತಾರೆ," ಎಂದು ಅಕ್ಕ ನಗುತ್ತಾರೆ.

ನೂರು ನಂಬರು ಒತ್ತಿದರೆ ಏಳೆಂಟು ಮಂದಿ ಕೊನೆಯವರೆಗೂ ಮಾತಾಡಿದ ದಿನ ಹಬ್ಬ. ಉಳಿದವರು ಎತ್ತುವುದಿಲ್ಲ, ಎತ್ತಿ ಕುಕ್ಕುತ್ತಾರೆ, ಇಲ್ಲವೇ ವಿಮೆ ಮಾರುವವಳೆಂದು ತಿಳಿದು ಏಳು ತಲೆಮಾರಿನವರೆಗೂ ಬೈಯುತ್ತಾರೆ. ಒಬ್ಬಾತ ಎಲ್ಲ ಪ್ರಶ್ನೆಗೂ ಉತ್ತರಿಸಿ, ಕೊನೆಗೆ ನೀವು ಮದುವೆಯಾಗಿದ್ದೀರಾ ಎಂದು ಕೇಳಿದ್ದನಂತೆ. ಆ ಪ್ರಶ್ನೆ ನಮ್ಮ ಪಟ್ಟಿಯಲ್ಲಿಲ್ಲ ಎಂದು ಅಕ್ಕ ಫೋನಿಟ್ಟರು. ಒಮ್ಮೆ ಗಂಟಲು ಪೂರ್ತಿ ಕಟ್ಟಿಹೋಗಿ, ಪಿಸುಮಾತನ್ನೂ ಆಡಬಾರದೆಂದು ಡಾಕ್ಟರು ತಾಕೀತು ಮಾಡಿದ್ದರು. ಮನೆಯಲ್ಲಿ ಚಪ್ಪಾಳೆ ತಟ್ಟಿ ಕರೆದು, ಕೈಸನ್ನೆಯಲ್ಲಿ ಜಗಳವಾಡಿದ ಕಾಲ ಅದು. ಮದುವೆಯಾದ ಮೇಲೆ ಮೊದಲ ಸಲ ಗೆದ್ದೆ ಎಂದು ಗಂಡ ಬೀಗಿದ್ದೂ ಆಗಲೇ.

ಗಂಡ ಬಸ್ ಚಾಲಕರು. ಒಳಊರುಗಳನ್ನು ಸುತ್ತಿಕೊಂಡು ಹೋಗುವ ರಾತ್ರಿ ಬಸ್ಸೇ ಅವರ ಸಾಮ್ರಾಜ್ಯ. ಖಾಲಿ ರಸ್ತೆ, ತಂಪು ಗಾಳಿ, ಮುಖ ನೋಡಿದ ಕೂಡಲೇ ನಿಲ್ದಾಣ ಗೊತ್ತಾಗುವ ಕಾಯಂ ಪ್ರಯಾಣಿಕರು. ಹಗಲಿನ ಗಾಡಿ ಕೊಡುತ್ತೇವೆಂದಾಗಲೆಲ್ಲ ಬೇಡವೇ ಬೇಡ ಎಂದು ಕೈಮುಗಿದವರು. ಕಳೆದ ವರ್ಷ ಅಕ್ಕನ ಮೇಜಿಗೆ ಬಂದ ಸಮೀಕ್ಷೆ ಇವರ ಸೀಟಿಗೇ ಕೈಯಿಟ್ಟಿತು. ಒಳಊರುಗಳ ರಾತ್ರಿ ಬಸ್ಸು ನಿಲ್ಲಿಸಿ ಹಗಲು ಬಸ್ಸು ಹೆಚ್ಚಿಸಬೇಕೋ, ಅಥವಾ ಈಗಿರುವಂತೆಯೇ ಇರಲೋ ಎಂಬುದು ಪ್ರಶ್ನೆ. ಜನ ಏನೆನ್ನುತ್ತಾರೋ ನೋಡಿ ತೀರ್ಮಾನಿಸುತ್ತೇವೆಂದು ಸಾರಿಗೆಯವರು ಹೇಳಿದ್ದರು.

ಪ್ರಶ್ನೆಯ ಹಾಳೆ ಓದಿದವರೇ ಅಕ್ಕ ನೇರ ಮೇಲ್ವಿಚಾರಕರ ಗಾಜಿನ ಕೋಣೆಗೆ ಹೋದರು. ನಮ್ಮನೆಯವರು ಓಡಿಸೋದೇ ಆ ಬಸ್ಸು, ಈ ಕೆಲಸಕ್ಕೆ ನನ್ನನ್ನು ಬಿಟ್ಟುಬಿಡಿ ಅಂದರು. ಮೇಲ್ವಿಚಾರಕರು ತಲೆ ಕೆರೆದುಕೊಂಡರು. ಬೆಳಗಿನ ಪಾಳಿಗೆ ಇವರಷ್ಟು ಪಳಗಿದವರು ಇನ್ನೊಬ್ಬರಿಲ್ಲ. ರಾತ್ರಿ ಬಸ್ಸನ್ನು ನಂಬಿದವರಲ್ಲಿ ಹೆಚ್ಚಿನವರು ಸಿಗುವುದು ಆ ಹೊತ್ತಿನಲ್ಲೇ. ಕೊನೆಗೆ, "ಕೂತ್ಕೊಳಿ. ಆದ್ರೆ ನಿಮ್ಮ ಒಂದೊಂದು ಕರೆಯನ್ನೂ ನಾನು ಕೂತು ಕೇಳ್ತೀನಿ. ದನಿ ಒಂದು ಕೂದಲು ವಾಲಿದ್ರೂ ಎಬ್ಬಿಸ್ತೀನಿ," ಅಂದರು. "ಕೇಳಿ ಸರ್, ಅದೇ ಒಳ್ಳೇದು," ಎಂದು ಅಕ್ಕ ಬಂದು ಕೂತರು.

ಮನೆಯಲ್ಲಿ ಅದಕ್ಕಿಂತ ಕಷ್ಟವಾಯಿತು. ಊಟಕ್ಕೆ ಕೂತಾಗ ಗಂಡ ಮೆಲ್ಲಗೆ ಮಾತು ತೆಗೆದರು. "ಸುಳ್ಳು ಬರಿ ಅಂತಿಲ್ಲ ನಾನು. ರಾತ್ರಿ ಬಸ್ಸು ಅನ್ನೋವಾಗ ಸ್ವಲ್ಪ ಒತ್ತಿ ಹೇಳು, ಸಾಕು. ಯಾರಿಗೆ ಗೊತ್ತಾಗತ್ತೆ?"

ಅಕ್ಕ ತಟ್ಟೆಯಿಂದ ತಲೆ ಎತ್ತಲಿಲ್ಲ. "ಸ್ಟೀರಿಂಗ್ ಕೈಲಿದೆ ಅಂತ ನೀವು ಯಾವತ್ತಾದ್ರೂ ಬಸ್ಸನ್ನ ನಮ್ಮನೆ ಬಾಗಿಲಿಗೆ ತಿರುಗಿಸಿದ್ದೀರಾ?"

ಆಮೇಲೆ ಕೆಲವು ದಿನ ಗಂಡ ತಮ್ಮ ಬುತ್ತಿ ತಾವೇ ಕಟ್ಟಿಕೊಂಡು ಕೆಲಸಕ್ಕೆ ಹೋದರು.

ಇಂಥ ದಿನಗಳಲ್ಲೇ ಒಂದು ಮುಂಜಾನೆ ಅಕ್ಕನ ಕರೆ ಆಸ್ಪತ್ರೆಯೊಂದರಲ್ಲಿ ರಾತ್ರಿ ನೆಲ ಒರೆಸುವ ಹೆಂಗಸಿಗೆ ಹೋಯಿತು. ಪಾಳಿ ಮುಗಿಸಿ ಆಕೆ ಗೇಟಿನ ಹತ್ತಿರ ನಿಂತಿದ್ದರು. ಅಕ್ಕ ಪ್ರಶ್ನೆ ಓದಿದರು. "ಹೆಚ್ಚು ಬಸ್ಸು ಬಿಡ್ತಾರಂತಾ? ಬಿಡ್ಲಿ ಬಿಡ್ಲಿ," ಅಂದರು ಆಕೆ. ಎರಡರಲ್ಲಿ ಯಾವುದೆಂದು ಅದರಿಂದ ತಿಳಿಯುವಂತಿರಲಿಲ್ಲ. ಅಕ್ಕ ಇನ್ನೊಂದು ಸಲ ಓದಿದರು. ಈಗ ಆಕೆಗೆ ಪೂರ್ತಿ ಹೊಳೆಯಿತು. "ಅಯ್ಯೋ, ನಾನು ಕೆಲಸಕ್ಕೆ ಬರೋದೇ ಆ ರಾತ್ರಿ ಬಸ್ಸಲ್ಲಿ ಕಣಮ್ಮ. ನಂಗೆ ತಲೆ ಓಡ್ತಿಲ್ಲ. ನೀವೇ ಹೇಳಿ ತಾಯಿ, ಯಾವುದು ಒಳ್ಳೇದು? ನೀವು ಹೇಳಿದ್ದೇ ನನ್ನ ಉತ್ತರ."

ಗಾಜಿನ ಕೋಣೆಯಲ್ಲಿ ಕಿವಿಗೆ ಫೋನು ಹಚ್ಚಿ ಕೂತಿದ್ದ ಮೇಲ್ವಿಚಾರಕರು ಪೆನ್ನು ಕೆಳಗಿಟ್ಟರಂತೆ.

"ಅವರು ಕೇಳಿದ್ದು ನನ್ನನ್ನೇ, ತಾವಾಗೇ," ಎಂದು ಅಕ್ಕ ನೆನೆಯುತ್ತಾರೆ. "ಅವರಿಗೂ ಬೇಕಾಗಿದ್ದು ರಾತ್ರಿ ಬಸ್ಸು, ನಂಗೂ ಅದೇ. ಈಗಿರೋ ಹಾಗೇ ಇರ್ಲಿ ಅಂತ ಹೇಳಿ ಅಂದಿದ್ರೆ ಯಾರಿಗೂ ಮೋಸ ಆಗ್ತಿರ್ಲಿಲ್ಲ ಅಂತ ಅನ್ನಿಸ್ತು. ನಾಲಿಗೆ ತುದಿಗೆ ಬಂದಿತ್ತು ನೋಡಿ. ನುಂಗಿದೆ."

ನುಂಗಿ, "ಇದ್ರಲ್ಲಿ ಸರಿ ತಪ್ಪು ಅಂತ ಇಲ್ಲಮ್ಮ, ನಿಮಗೇನು ಅನ್ಸತ್ತೋ ಅದು. ಇನ್ನೊಂದ್ಸಲ ಓದ್ತೀನಿ," ಎಂದು ಮೂರನೇ ಸಲ ಅದೇ ವೇಗದಲ್ಲಿ, ಅದೇ ದನಿಯಲ್ಲಿ ಓದಿದರು. ಓದಿ ಸುಮ್ಮನಾದರು. ಆಚೆ ಕಡೆ ಆಂಬುಲೆನ್ಸಿನ ಸದ್ದು ಬಂದು ದೂರವಾಯಿತು. ಯಾರೋ ಬಕೆಟ್ಟು ಎಳೆದುಕೊಂಡು ಹೋದರು. ಅಕ್ಕ ಉಸಿರೂ ಕೇಳಿಸದಂತೆ ಕಾದರು.

"ನನ್ನ ಮಗಳಿಗೆ ಕಾಲೇಜಿಗೆ ಹೋಗೋಕೆ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ," ಅಂದರು ಆಕೆ ಕೊನೆಗೆ. "ದಿನಾ ಮೊದಲನೇ ಪಾಠ ತಪ್ಪತ್ತೆ ಅವಳಿಗೆ. ನಾನು ಹೇಗೋ ಮಾಡ್ಕೋತೀನಿ, ಹಗಲು ಪಾಳಿ ಕೇಳಿ ನೋಡ್ತೀನಿ. ಹಗಲು ಬಸ್ಸು ಅಂತಲೇ ಒತ್ತಿ."

ಅಕ್ಕ ಒತ್ತಿದರು. ಧನ್ಯವಾದ ಹೇಳಿ ಕರೆ ಮುಗಿಸಿ, ಕಾರಿಡಾರಿಗೆ ಹೋಗಿ ಮುಖ ತೊಳೆದುಕೊಂಡು ಬಂದು, ಮುಂದಿನ ಕರೆಗೆ ಕೂತರು. ಆ ಕರೆಯ ಬಗ್ಗೆ ಕೇಳಿದರೆ ಮೇಲ್ವಿಚಾರಕರು ಈಗ ಹೇಳುತ್ತಾರೆ. "ಪ್ರಶ್ನೆ ಓದೋರು ಬೇಕಾದಷ್ಟು ಜನ ಸಿಗ್ತಾರೆ. ಓದಿ ಸುಮ್ಮನಿರೋರು ಸಿಗಲ್ಲ. ಆ ಮೌನ ನಾನು ಹೇಳಿಕೊಟ್ಟು ಬಂದಿದ್ದಲ್ಲ."

ಉತ್ತರಗಳೆಲ್ಲ ಪಕ್ಕದ ಕೋಣೆಯ ಲೆಕ್ಕದವರಿಗೆ ಹೋದವು. ಕರೆಗೆ ಕಡಿಮೆ ಸಿಕ್ಕ ವಯಸ್ಸಿನವರಿಗೆ, ಕಡಿಮೆ ಸಿಕ್ಕ ಜಿಲ್ಲೆಗಳಿಗೆ ಜನಸಂಖ್ಯೆಗೆ ತಕ್ಕ ತೂಕ ಕೊಟ್ಟು ಅವರು ಕೂಡಿಸಿದರು. ಫಲಿತಾಂಶ ಪತ್ರಿಕೆಯಲ್ಲಿ ಬಂತು. ನೂರರಲ್ಲಿ ಅರವತ್ತಕ್ಕೂ ಹೆಚ್ಚು ಜನ ಹಗಲು ಬಸ್ಸು ಅಂದಿದ್ದರು. ಒಳಊರುಗಳ ರಾತ್ರಿ ಬಸ್ಸುಗಳು ಒಂದೊಂದಾಗಿ ನಿಂತವು. ಗಂಡ ಹಗಲಿನ ಗಾಡಿ ಹತ್ತಿದರು.

ಹತ್ತಿದ್ದು ಗೊಣಗಿಕೊಂಡೇ. ಬಿಸಿಲು, ಟ್ರಾಫಿಕ್ಕು, ಬಾಗಿಲಿಗೆ ಜೋತುಬೀಳುವ ಕಾಲೇಜು ಹುಡುಗಿಯರ ಕಿಲಕಿಲ. ಸಂಜೆ ಮನೆಗೆ ಬಂದರೆ ಅದೇ ದೂರು. ಒಂದು ದಿನ ಬಸ್ಸಿನಲ್ಲಿ ಮುಂದಿನ ಸೀಟಿನವರೊಬ್ಬರು, ಈ ಸಮೀಕ್ಷೆಯೆಲ್ಲ ಬರೀ ಬೊಗಳೆ, ಕೂತಲ್ಲೇ ಬರ್ಕೊಂಡು ಹಾಕ್ತಾರೆ ಎಂದು ಜೋರು ದನಿಯಲ್ಲಿ ಶುರುಮಾಡಿದರು. ಚಾಲಕರು ಕನ್ನಡಿಯಲ್ಲಿ ಅವರನ್ನೊಮ್ಮೆ ನೋಡಿ, "ಕೇಳಿದ್ದು ನಮ್ಮನೆಯವಳು ಸ್ವಾಮಿ. ಸುಳ್ಳಾಗಿದ್ದಿದ್ರೆ ಈ ಬಿಸಿಲಲ್ಲಿ ಈ ಗಾಡಿ ನಾನ್ಯಾಕೆ ಓಡಿಸ್ತಿದ್ದೆ?" ಅಂದರಂತೆ. ಬಸ್ಸು ಪೂರ್ತಿ ನಕ್ಕಿತು. ಅಕ್ಕನಿಗೆ ಇದು ಗೊತ್ತಾಗಿದ್ದು ಕಂಡಕ್ಟರ್ ಬಾಯಿಂದ. ಅವತ್ತು ಸಂಜೆ ಗಂಡನಿಗೆ ಚಹಾ ಕೇಳುವ ಮೊದಲೇ ಬಂತಂತೆ.

ಈಗ ಕೆಲಸಕ್ಕೆ ಹೊಸಬರು ಸೇರಿದಾಗಲೆಲ್ಲ ಮೇಲ್ವಿಚಾರಕರು ಆ ಮುಂಜಾನೆಯ ಕರೆಯನ್ನು, ಆಸ್ಪತ್ರೆಯ ಹೆಂಗಸಿನ ಒಪ್ಪಿಗೆ ಪಡೆದು ಗುರುತು ಅಳಿಸಿ, ಅವರಿಗೆ ಕೇಳಿಸುತ್ತಾರೆ. ತಮ್ಮದೇ ದನಿ ಕೇಳಲು ನಾಚಿಕೆಯೆಂದು ಅಕ್ಕ ಆ ಹೊತ್ತಿಗೆ ಹೊರಗೆ ಬಂದು ನಿಲ್ಲುತ್ತಾರೆ. ಕರೆ ಮುಗಿದ ಮೇಲೆ ಮೇಲ್ವಿಚಾರಕರು ಹೊಸಬರಿಗೆ ಕೇಳುವುದು ಒಂದೇ ಪ್ರಶ್ನೆ: ಪ್ರಶ್ನೆ ಓದಿದವರಿಗೆ ಸ್ವಂತಕ್ಕೆ ಬೇಕಾಗಿದ್ದು ಯಾವ ಬಸ್ಸು? ಖಂಡಿತ ಹಗಲು ಎಂದು ಕೆಲವರು ಕೈ ಎತ್ತುತ್ತಾರೆ, ಖಂಡಿತ ರಾತ್ರಿ ಎಂದು ಕೆಲವರು. ಆಮೇಲೆ ಅವರವರಲ್ಲೇ ವಾದ ಹತ್ತಿಕೊಳ್ಳುತ್ತದೆ.

ಬಾಗಿಲಾಚೆ ನಿಂತು ಆ ಗಲಾಟೆ ಕೇಳುತ್ತಾ ಅಕ್ಕ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾರೆ. ಎಷ್ಟು ಜನ ಯಾವ ಕಡೆ ಎಂದು ಒಳಗೆ ಹೋಗಿ ನೋಡುವುದಿಲ್ಲ.

"ಪ್ರತಿ ಸಲ ಹೆಚ್ಚುಕಡಿಮೆ ಅರ್ಧಕ್ಕರ್ಧ ಬರತ್ತಂತೆ," ಅನ್ನುತ್ತಾರೆ. "ಅಷ್ಟು ಬಂದ್ರೆ ಸಾಕು ನಂಗೆ."