ಪೂರಾ ಪಾಪ, ಅರ್ಧ ತವರು

ನನ್ನ ಅತ್ತೆ ಕೊಟ್ಟ ಮಾತಿಗೆ ತಪ್ಪುವವರಲ್ಲ. ಹಾಗಾಗಿ ಯಾವ ಪಂದ್ಯ ಕಟ್ಟಿದರೂ ತಾವೇ ಗೆಲ್ಲುವುದನ್ನು ಮೊದಲು ಖಾತ್ರಿ ಮಾಡಿಕೊಂಡೇ ಕಟ್ಟುತ್ತಿದ್ದರು. ಒಂದು ಪಂಚಮಿಯಲ್ಲಿ ಮಾತ್ರ ಅವರ ಅಂದಾಜು ತಪ್ಪಿತು.

ಎಪ್ಪತ್ತರ ದಶಕದ ಮಾತು. ಕನ್ನೊಳ್ಳಿಯ ಮಗಳಾದ ನಾನು ಮದುವೆಯಾಗಿ ಗೊಳಸಂಗಿ ಹತ್ತಿರದ ಒಂದು ಹಳ್ಳಿಗೆ ಬಂದು ಎರಡು ವರ್ಷವಾಗಿತ್ತು. ನಾಗರ ಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ತವರಿಗೆ ಕರೆದೊಯ್ಯಬೇಕು. ಅಲ್ಲಿ ಉಂಡಿ ತಿಂದು, ಜೋಕಾಲಿ ಜೀಕಿ, ಒಲೆಯ ಕಡೆಗೆ ಬೆನ್ನು ಮಾಡಿ ಮಲಗಬೇಕು. ಆ ವರ್ಷ ನನ್ನ ಅಣ್ಣ ಬರಲಿಲ್ಲ. ಅವನ ಹೆಂಡತಿಗೆ ದಿನ ತುಂಬಿತ್ತು. ತಪ್ಪು ಯಾರದೂ ಅಲ್ಲ, ಆದರೂ ನಾನು ಬಾಗಿಲು ನೋಡುವುದು ನಿಲ್ಲಿಸಲಿಲ್ಲ.

ಮನೆಯಲ್ಲಿ ನನ್ನ ಜೊತೆಗಿದ್ದವಳು ನೆಗೆಣ್ಣಿ, ನನ್ನ ಭಾವನ ಹೆಂಡತಿ. ಮುದ್ದೇಬಿಹಾಳದವಳು. ತಂದೆತಾಯಿ ತೀರಿಕೊಂಡಿದ್ದರು, ಅಣ್ಣತಮ್ಮಂದಿರಿರಲಿಲ್ಲ. ಕರೆಯಲು ಬರುವವರೇ ಇಲ್ಲದ್ದರಿಂದ ಅವಳು ಪಂಚಮಿಗೆ ಬಾಗಿಲ ಕಡೆ ನೋಡುತ್ತಲೇ ಇರಲಿಲ್ಲ. ನನ್ನ ಕಡೆ ಮಾತ್ರ ಆಗಾಗ ನೋಡುತ್ತಿದ್ದಳು.

ನಾದಿನಿ ಇಂಡಿಯಿಂದ ಬಂದಿದ್ದಳು. ಅಲ್ಲಿ ಅವಳದು ತುಂಬಿದ ಮನೆ. ಬೆಳಿಗ್ಗೆ ರೊಟ್ಟಿ ಬಡಿಯಲು ಕುಳಿತರೆ ಬಿಸಿಲೇರಿದ ಮೇಲೆ ಏಳುವವಳು. ಬಂದವಳೇ ಕೈಕಾಲು ತೊಳೆದು ಜೋಕಾಲಿ ಏರಿ, "ಎಂಟ ದಿನಾ ನನಗ ಹಿಟ್ಟಿನ ವಾಸನಿ ಸೈತ ತೋರಸಬ್ಯಾಡ್ರಿ," ಎಂದು ಮನೆಗೆಲ್ಲ ಕೇಳುವಂತೆ ಸಾರಿದಳು.

ಪಂಚಮಿಯ ಮರುದಿನ ನಮ್ಮ ಓಣಿಯಲ್ಲಿ ಹೆಂಗಸರ ಹಗ್ಗ ಜಗ್ಗಾಟ. ಒಂದು ಕಡೆ ಓಣಿಯ ಮಗಳಂದಿರು, ಇನ್ನೊಂದು ಕಡೆ ಸೊಸೆಯಂದಿರು. ಪ್ರತಿವರ್ಷ ಮಗಳಂದಿರೇ ಗೆಲ್ಲುತ್ತಿದ್ದರು. ಗೆಲ್ಲದೆ ಏನು? ಕಟ್ಟೆಯ ಮೇಲೆ ಅತ್ತೆಯರೆಲ್ಲ ಸಾಲಾಗಿ ಕುಳಿತಿರುವಾಗ ಅವರ ಮಗಳನ್ನು ಕೆಸರಿಗೆ ಕೆಡವಿ, ಸಂಜೆ ಅದೇ ಮನೆಯಲ್ಲಿ ಊಟಕ್ಕೆ ಕೂಡುವ ಧೈರ್ಯ ಯಾವ ಸೊಸೆಗಿತ್ತು?

ಆ ದಿನ ಅತ್ತೆ ನನ್ನ ಮುಖ ನೋಡಿ, "ಯಾಕ ಮಾರಿ ಸಣ್ಣ ಮಾಡೀಯ? ಇವತ್ತ ನೀವು ಗೆದ್ದರ ನಾಳೆ ನಿನ್ನ ತವರಿಗೆ ಕಳಸ್ತೇನಿ. ಎಂಟ ದಿನ ಇದ್ದು ಬಾ. ಅಲ್ಲೀತನಾ ರೊಟ್ಟಿ ನನ್ನ ಮಗಳು ಬಡೀತಾಳ," ಎಂದರು.

ನಾದಿನಿ ಜೋಕಾಲಿಯ ಮೇಲಿಂದಲೇ ನಕ್ಕಳು. "ಎಂಟ ದಿನ ಯಾಕ, ತಿಂಗಳ ಹೇಳಬೇ ಎವ್ವಾ! ಇವರು ಗೆಲ್ಲೂದಂದ್ರ ಹೋರಿ ಕರಾ ಹಾಕಿದಂಗ."

ನೆಗೆಣ್ಣಿ ಸೀರೆ ಎತ್ತಿ ಕಟ್ಟಿದಳು.

ಬಾವಿಯ ದಪ್ಪ ಹಗ್ಗ ತಂದರು. ನೆಗೆಣ್ಣಿ ಮೈ ತುಂಬಿದವಳಾದ್ದರಿಂದ ಎಲ್ಲರಿಗಿಂತ ಹಿಂದೆ ಅವಳು, ಅವಳ ಮುಂದೆ ನಾನು. ಅವಳ ಬೆನ್ನಿಗೆ ನಮ್ಮ ಮನೆಯ ಮುಂದೆ ಹೂತಿದ್ದ, ಎಮ್ಮೆ ಕಟ್ಟುವ ಕಲ್ಲು. ಶ್ರಾವಣದ ಜಿಟಿಜಿಟಿ ಮಳೆಗೆ ಎರೆಮಣ್ಣು ಅಂಟೂ ಆಗಿತ್ತು, ಜಾರೂ ಆಗಿತ್ತು. ಮಗಳಂದಿರು ಒಮ್ಮೆ ಜಗ್ಗಿದರೆ ನಾವು ಎರಡು ಹೆಜ್ಜೆ ಜಾರಿದೆವು. ಇನ್ನೊಮ್ಮೆ ಜಗ್ಗಿದರೆ ಮುಗಿದೇ ಹೋಗುತ್ತಿತ್ತು. ಆಗ ಹಗ್ಗ ಒಮ್ಮೆಲೇ ಗಟ್ಟಿಯಾಗಿ ನಿಂತಿತು. ಅವರು ಉಸಿರು ಕಟ್ಟಿ ಜಗ್ಗಿದರೂ ಬೆರಳಷ್ಟು ಅಲುಗಲಿಲ್ಲ.

ಹಿಂದೆ ತಿರುಗಿ ನೋಡಿದೆ. ನೆಗೆಣ್ಣಿ ಸೀರೆ ಹರವಿಕೊಂಡು, ತತ್ತಿಯ ಮೇಲೆ ಕುಳಿತ ಕೋಳಿಯಂತೆ ನೆಲಕ್ಕೆ ಕುಳಿತುಬಿಟ್ಟಿದ್ದಳು. ಸೀರೆಯ ಅಂಚಿನ ಕೆಳಗೆ ಹಗ್ಗ ಎಮ್ಮೆಯ ಕಲ್ಲಿಗೆ ಸುತ್ತಿಕೊಂಡಿತ್ತು.

"ಅಕ್ಕಾ..." ಎಂದೆ.

"ಮುಂದ ನೋಡು. ನಿನ್ನ ತವರು ಮುಂದ ಐತಿ, ಹಿಂದ ಏನೈತಿ?"

ಅವರು ದಣಿದು ಉಸಿರು ಬಿಟ್ಟಾಗಲೆಲ್ಲ ನಾವು ಒಂದು ಗೇಣು ಎಳೆದುಕೊಳ್ಳುವುದು, ಸಡಿಲಾದಷ್ಟನ್ನು ನೆಗೆಣ್ಣಿ ಕಲ್ಲಿಗೆ ಬಿಗಿಯುವುದು. ಕೊನೆಗೆ ಅವರ ಸಾಲಿನ ಮುಂದಿದ್ದ ನಾದಿನಿ ಕಾಲು ಜಾರಿ, ಹೊಟ್ಟೆಯ ಮೇಲೆ ಸರಿಯುತ್ತ ಗೆರೆ ದಾಟಿ ಬಂದಳು. ಹಬ್ಬಕ್ಕೆ ಇಡಿಸಿಕೊಂಡ ಹಸಿರು ಬಳೆಗಳು ಒಡೆದವು. ಹಗ್ಗ ಉಜ್ಜಿ ಅವಳ ಅಂಗೈಯ ಚರ್ಮ ಸುಲಿದಿತ್ತು. ನಾನು ಬಾಯಿ ತೆರೆದದ್ದು ನಿಜ ಹೇಳಬೇಕೆಂದೇ. ಬಾಯಿಂದ ಬಂದದ್ದು "ಗೆದ್ವಿ!" ಎಂಬ ಕೂಗು. ಕನ್ನೊಳ್ಳಿಯ ಬಸ್ಸು ಆಗಲೇ ನನ್ನ ಗಂಟಲಿಗೆ ಬಂದು ನಿಂತಿತ್ತು.

ಮರುದಿನ ಬೆಳಿಗ್ಗೆ ಪೂಜೆಗೆ ಕುಳಿತು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡೆ. ಅಂಗೈ ನುಣ್ಣಗೆ ಬೆಣ್ಣೆಯಂತಿತ್ತು, ಒಂದು ಗುಳ್ಳೆಯಿಲ್ಲ. ಕಲ್ಲೇ ಜಗ್ಗಿದರೆ ಕೈಗೇಕೆ ಗುಳ್ಳೆ ಬರುತ್ತದೆ? ಅಡುಗೆಮನೆಯಿಂದ ನಾದಿನಿ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ನಾಲ್ಕು ಬಡಿತ, ಒಂದು "ಹಾಯ್", ಮತ್ತೆ ನಾಲ್ಕು ಬಡಿತ. ಶಿವನೇ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೋ ಎಂದು ಬೇಡಿಕೊಂಡೆ. ಭಕ್ತರೆಲ್ಲ ದೇವರಿಗೆ ಕಣ್ಣು ತೆರೆ ಎಂದು ಬೇಡುವರು; ನನ್ನದು ಉಲ್ಟಾ ಭಕ್ತಿ.

ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ, ಸಿಂದಗಿಯಲ್ಲಿ ಮತ್ತೊಮ್ಮೆ ಬದಲಿಸಿ ಊರು ಮುಟ್ಟಿದೆ. ಅಣ್ಣನ ಹೆಂಡತಿ ಸುಖವಾಗಿ ಹಡೆದಿದ್ದಳು, ಅದೊಂದು ದಯೆ. ಅವಳ ಮಗುವನ್ನು ಮೊದಲು ತೊಟ್ಟಿಲಿಗೆ ಹಾಕುವ ಭಾಗ್ಯ ನನಗೇ ಬಂತು, ಅದು ಇನ್ನೊಂದು. ಊಟಕ್ಕೆ ಕುಳಿತಾಗ ಗೆದ್ದ ಕತೆಯನ್ನು ಬಣ್ಣ ಹಚ್ಚಿ ಹೇಳಿದೆ. ಅವ್ವ ನನ್ನ ಕೈ ಹಿಡಿದು ತಿರುಗಿಸಿ ನೋಡಿದಳು.

"ಹಗ್ಗಾ ಜಗ್ಗಿ ಗೆದ್ದ ಕೈಯೇನ ಇವು? ಹಗ್ಗಕ್ಕ ತುಪ್ಪಾ ಸವರಿದ್ರೇನು?"

ಎಲ್ಲ ಹೇಳಿಬಿಟ್ಟೆ. ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ, "ಸೋತ ಆ ಹುಡುಗಿ ಕೈ ಹೆಂಗದಾವ?" ಎಂದು ಕೇಳಿ, ನನ್ನ ತಾಟಿಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿದಳು. ಬೈದಿದ್ದರೆ ತಿನ್ನಬಹುದಿತ್ತು. ಆ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದೆ. ಆಮೇಲೆ ಯಾರ ಮನೆಯಲ್ಲಿ ರೊಟ್ಟಿ ಬಡಿದರೂ ಬಡಿತದ ನಡುವೆ ನನಗೊಂದು "ಹಾಯ್" ಕೇಳುತ್ತಿತ್ತು. ಎಂಟು ದಿನದ ತವರನ್ನು ನಾಲ್ಕಕ್ಕೇ ಮುಗಿಸಿ, ಅವ್ವ ಕಟ್ಟಿಕೊಟ್ಟ ಶೇಂಗಾದ ಉಂಡಿಯ ಗಂಟು ಹಿಡಿದು ಹೊರಟೆ.

ಮನೆಗೆ ಬಂದರೆ ನಾದಿನಿ ಅಂಗೈಗೆ ಅರಿಷಿಣದ ಬಟ್ಟೆ ಕಟ್ಟಿಕೊಂಡು ಜೋಕಾಲಿಯ ಮೇಲಿದ್ದಳು. ಒಲೆಯ ಮುಂದೆ ಬೆವರು ಸುರಿಸುತ್ತ ರೊಟ್ಟಿ ಬಡಿಯುತ್ತಿದ್ದವಳು ನೆಗೆಣ್ಣಿ! ನನ್ನನ್ನು ಕಂಡು ಅವಳ ಕೈ ನಿಂತಿತು.

"ನೀ ಯಾಕ ಇಷ್ಟ ಲಗೂ ಬಂದಿ?"

"ಮನಸ್ಸ ತಡೀಲಿಲ್ಲಕ್ಕಾ. ನೀ ಯಾಕ ಬಡ್ಯಾಕತ್ತೀ?"

"ಆಕಿ ಕೈ ನೋಡಿ ನನಗೂ ತಡೀಲಿಲ್ಲ. 'ನಿನ್ನ ರೊಟ್ಟಿ ಕಾಲಾಗಿನ ಕೆರದಂಗ ಅದಾವು, ಏಳು' ಅಂತ ಆಕಿನ್ನ ಬೈದು ಎಬ್ಬಿಸಿದ್ನಿ." ಅಷ್ಟು ಹೇಳಿದ ಮೇಲೆ ಅವಳಿಗೆ ಸಿಟ್ಟು ಬಂತು. "ನನ್ನ ಮಾತ ಬಿಡು. ಎಮ್ಮಿ ಕಲ್ಲಿಗೆ ಹಗ್ಗಾ ಸುತ್ತಿ ಪೂರಾ ಪಾಪಾ ನಾ ಕಟ್ಕೊಂಡ್ರ, ನೀ ಅರ್ಧಾ ತವರ ಮಾಡ್ಕೊಂಡ ಬಂದೀಯಲ್ಲ! ಉಳದ ಪಾಪಾ ನಾ ಏನ ಮಾಡ್ಲಿ? ಉಪ್ಪಿನಕಾಯಿ ಹಾಕ್ಲ್ಯಾ?"

ಹೊರಗೆ ಜೋಕಾಲಿಯ ಸದ್ದು ನಿಂತಿತು. ಬಾಗಿಲಲ್ಲಿ ನಾದಿನಿ, ಅವಳ ಹಿಂದೆ ಅತ್ತೆ.

"ಯಾವ ಕಲ್ಲು?" ಎಂದಳು ನಾದಿನಿ.

ನೆಗೆಣ್ಣಿ ಹಿಟ್ಟಿನ ಕಡೆ ನೋಡಿದಳು. ಹಂಚಿನ ಮೇಲೆ ರೊಟ್ಟಿ ಹೊತ್ತತೊಡಗಿತು. ಬೇರೆ ದಾರಿಯಿಲ್ಲದೆ ನಾನೇ ಹೇಳಿದೆ. ನಾದಿನಿ ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತೆ. ಅವಳು ಬಳೆಯಿಲ್ಲದೆ ಬರಿದಾದ ತನ್ನ ಮುಂಗೈಯನ್ನು ನೋಡಿಕೊಂಡಳು.

"ವೈನಿ, ನನ್ನ ಶಕ್ತಿನ ಹೋತು ಅಂದ್ಕೊಂಡಿದ್ನಿ," ಎಂದಳು. "ಇಂಡ್ಯಾಗ ದುಡದ ದುಡದ ಇಷ್ಟ ಲಗೂ ಮುದುಕಿ ಆದ್ನೆಲ್ಲಾ ಅಂತ, ಯಾರಿಗೂ ಕಾಣದಂಗ ಅತ್ತೀನಿ."

ಬಳೆ ಒಡೆದದ್ದು, ಕೈ ಸುಲಿದದ್ದು ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಉಂಡಿಯ ಗಂಟನ್ನು ಅವಳ ಕಡೆ ಚಾಚಿದೆ. ಅವಳು ಒಂದು ಉಂಡಿ ಬಾಯಿಗೆ ಹಾಕಿಕೊಂಡು ಅಗಿಯುತ್ತ ಅಗಿಯುತ್ತ ತಟ್ಟನೆ ನಿಲ್ಲಿಸಿದಳು. ಮುಖ ಅರಳಿತು.

"ಹಂಗಂದ್ರ ನಾ ಅಷ್ಟೊತ್ತನಾ ಕಲ್ಲಿನ ಕೂಡ ಜಗ್ಗಾಡಿದ್ನೇನು? ಎವ್ವಾ, ಕೇಳಿದೇನ? ಕಲ್ಲಿನ ಕೂಡ!"

"ಕೇಳಿದ್ನಿ," ಎಂದರು ಅತ್ತೆ. ನಮ್ಮಿಬ್ಬರನ್ನೂ ಒಂದು ಸಲ ದುರುಗುಟ್ಟಿ ನೋಡಿ, ನೆಗೆಣ್ಣಿಯನ್ನು ಎಬ್ಬಿಸಿ ತಾವೇ ಒಲೆಯ ಮುಂದೆ ಕುಳಿತರು. "ಪಂದ್ಯಾ ಕಟ್ಟಿದಾಕಿ ನಾ. ಇನ್ನ ಉಳದ ದಿನಾ ನಾನ ಬಡೀತೇನಿ. ದಪ್ಪ ಆದ್ವು ಅಂದಾಕಿನ್ನ ಹಗ್ಗಕ್ಕ ಕಟ್ಟತೇನಿ."

ನಾದಿನಿ ರೊಟ್ಟಿಗಾಗಿ ಕಾಯಲಿಲ್ಲ. ಸೆರಗು ಸರಿಮಾಡಿಕೊಂಡು ಓಣಿಗೆ ಹೊರಟೇಬಿಟ್ಟಳು. ಮೊದಲನೆಯ ಮನೆಯಲ್ಲಿ ಅವಳು ಕಲ್ಲಿನ ಜೊತೆ ಜಗ್ಗಾಡಿದ್ದಳು. ನಾಲ್ಕನೆಯ ಮನೆ ಮುಟ್ಟುವ ಹೊತ್ತಿಗೆ ಕಲ್ಲು ಅಲುಗಾಡಿತ್ತು. ಸಂಜೆ ನಾನು, ನೆಗೆಣ್ಣಿ ನೀರಿಗೆ ಹೋದಾಗ ಬಾವಿಯ ಕಟ್ಟೆಯಲ್ಲಿದ್ದ ಹೆಂಗಸರು ಸುತ್ತುಗಟ್ಟಿ, "ಖರೇನ ಏನ್ರವಾ? ಎಮ್ಮಿ ಕಲ್ಲು ಬುಡಾಸೈತ ಎದ್ದ ಬಂದಿತ್ತಂತ?" ಎಂದು ಕೇಳಿದರು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಹೌದ್ರೆವಾ," ಎಂದಳು ನೆಗೆಣ್ಣಿ, "ಇನ್ನೊಮ್ಮಿ ಜಗ್ಗಿದ್ರ ಎಮ್ಮೀನೂ ಬರತಿತ್ತು."