ನವಲೂರು ದಾಟಿದ ಮೇಲೆ ಕೇಳುವ ಪ್ರಶ್ನೆಗಳು

ನನ್ನ ಹೆಂಡತಿ ಕೆಲಸ ಮಾಡುತ್ತಿದ್ದ ಆಫೀಸಿನ ಒಳಗೆ ನಾನು ಮೊದಲ ಸಲ ಕಾಲಿಟ್ಟದ್ದು ಅವಳು ತೀರಿಕೊಂಡ ಆರನೆಯ ವಾರ, ಅವಳ ಸಾಮಾನು ತರಲಿಕ್ಕೆ. ಅದಕ್ಕೂ ಮೊದಲು ಒಂಬತ್ತು ವರ್ಷ, ರಜೆಯ ದಿನ ಬಿಟ್ಟು ಪ್ರತಿ ಬೆಳಿಗ್ಗೆ, ಧಾರವಾಡದಿಂದ ಹುಬ್ಬಳ್ಳಿಗೆ ಬಂದು ಅದೇ ಗೇಟಿನ ಹೊರಗೆ ಅವಳನ್ನು ಬೈಕಿನಿಂದ ಇಳಿಸಿ ತಾರಿಹಾಳದ ನನ್ನ ವರ್ಕ್‌ಶಾಪಿಗೆ ಹೋಗಿದ್ದೇನೆ. ಒಳಗೆ ಹೇಗಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ನಾನು ಹತ್ತನೆಯ ತರಗತಿ, ಆಮೇಲೆ ಐಟಿಐ. ಪಂಪು, ಮೋಟರು, ಹಿಟ್ಟಿನ ಗಿರಣಿ ರಿಪೇರಿ ಮಾಡುವ ಫಿಟ್ಟರ್. ಅವಳು ಎಂಜಿನಿಯರಿಂಗ್ ಓದಿ ಹದಿನೈದು ವರ್ಷ ಸಾಫ್ಟ್‌ವೇರ್ ಕೆಲಸದಲ್ಲಿದ್ದವಳು. ಇಬ್ಬರೂ ಒಂದೇ ಚರ್ಚಿನ ಸಂಡೇ ಸ್ಕೂಲಿನಲ್ಲಿ ಬೆಳೆದವರಾದ್ದರಿಂದ ಮನೆಯಲ್ಲಿ ಏಕವಚನವೇ. ನಮ್ಮವ್ವನ ಮುಂದೆ ಮಾತ್ರ ಅವಳು ‘ಏನ್ರಿ’ ಅನ್ನುತ್ತಿದ್ದಳು, ಅಂದು ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು. ಸಂಡೇ ಸ್ಕೂಲಿನಲ್ಲಿ ವಾರಕ್ಕೊಂದು ಬೈಬಲ್ ವಚನ ಬಾಯಿಪಾಠ ಮಾಡಬೇಕಿತ್ತು. ನಾನು ಅರ್ಥ ತಿಳಿಯದೆಯೂ ತಪ್ಪಿಲ್ಲದೆ ಒಪ್ಪಿಸುತ್ತಿದ್ದೆ. ಅವಳು ಅರ್ಥ ಕೇಳಿ ಕೇಳಿ ಟೀಚರಿಗೆ ಸಾಕುಮಾಡುತ್ತಿದ್ದಳು.

ಕಳೆದ ವರ್ಷ ಮಳೆ ಹಿಡಿಯುವ ಮೊದಲು, ಒಂದು ಭಾನುವಾರ ಊಟ ಮಾಡುತ್ತಾ ಅವಳು ಎಂಬಿಎ ಮಾತು ತೆಗೆದಳು.

“ಒಂದ ವರ್ಷದ ಕೋರ್ಸು. ಕೆಲಸ ಮಾಡಿದವ್ರಿಗೇ ಅಂತ ಇರೋದು. ಆದ್ರ ನೌಕರಿ ಬಿಡಬೇಕು, ಅಲ್ಲೇ ಹಾಸ್ಟೆಲ್‌ನ್ಯಾಗ ಇರಬೇಕು.”

“ಈಗೇನ ಕಡಿಮಿ ಆಗೇತಿ?”

“ಕಡಿಮಿ ಏನಿಲ್ಲ. ನಾ ಕೆಲಸ ಕಲಿಸಿದವ್ರು ಇಬ್ರು ಈಗ ನನಗ ಕೆಲಸ ಹೇಳ್ತಾರ. ಏನ ಮಾಡಬೇಕು, ಯಾಕ ಮಾಡಬೇಕು ಅಂತ ಅವ್ರು ಕುಂತು ಮಾತಾಡ್ತಾರ. ಮಾಡಿದ್ದು ಕೆಟ್ಟಮ್ಯಾಲ ನನ್ನ ಕರೀತಾರ.”

“ನನ್ನೂ ಹಂಗ ಕರೀತಾರಲ್ಲ, ಕೆಟ್ಟಮ್ಯಾಲ.”

“ನೀ ಎಂಬಿಎ ಮಾಡ್ತೀಯೇನ ಹಂಗಾದ್ರ?” ಎಂದು ನಕ್ಕಳು. ನಾನೂ ನಕ್ಕೆ. ಆ ಮಧ್ಯಾಹ್ನ ಮಾತು ಅಷ್ಟಕ್ಕೇ ನಿಂತಿತು.

ಮರುದಿನದಿಂದ ಅವಳ ಲೆಕ್ಕಾಚಾರ ಸುರುವಾಯಿತು. ತನಗೆ ಮೂವತ್ತೊಂಬತ್ತು, ಪಕ್ಕದಲ್ಲಿ ಕೂರುವವರು ಎಷ್ಟು ಚಿಕ್ಕವರಿರುತ್ತಾರೋ. ಕಲಿತು ಬಂದ ಮೇಲೆ ಹುಬ್ಬಳ್ಳಿಯಲ್ಲಿ ಅಂಥ ಕೆಲಸ ಸಿಗುತ್ತದೋ, ಊರೇ ಬಿಡಬೇಕೋ. ಕೈಯಲ್ಲಿರುವ ವಿದ್ಯೆ ಒಂದು ವರ್ಷ ಮುಟ್ಟದೆ ಬಿಟ್ಟರೆ ಕಬ್ಬಿಣದಂತೆ ಜಂಗು ಹಿಡಿಯುತ್ತದೋ. ಮಕ್ಕಳಿಲ್ಲದ ಮನೆ, ಅದೊಂದು ತೊಡಕಿರಲಿಲ್ಲ. ಆ ಮಾತನ್ನು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ.

ಸೀಟು ಬೇಕೆಂದರೆ ಇಂಟರ್‌ವ್ಯೂ ಇರುತ್ತದೆ. ಅದರ ಅಭ್ಯಾಸಕ್ಕೆ ಅವಳು ನನ್ನನ್ನು ಹಿಡಿದಳು. ಚರ್ಚಿನಲ್ಲಿ ಆರಾಧನೆಯ ಕ್ರಮ ಅಚ್ಚು ಮಾಡಿ ಹಂಚುವ ಹಾಳೆಗಳ ಬೆನ್ನಿಗೆ ಇಂಗ್ಲಿಷ್ ಪ್ರಶ್ನೆಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟಳು. ‘ವೈ ಎಂಬಿಎ? ವೈ ನೌ?’, ಎಂಬಿಎ ಯಾಕೆ, ಈಗಲೇ ಯಾಕೆ ಅನ್ನುವುದು ಮೊದಲನೆಯದು. ನಾನು ವಚನ ಬಾಯಿಪಾಠ ಮಾಡಿದಂತೆ ಮಾಡಿದೆ. ಬೆಳಿಗ್ಗೆ ಹುಬ್ಬಳ್ಳಿಯ ದಾರಿಯಲ್ಲಿ ನವಲೂರು ದಾಟಿ ರಸ್ತೆ ಸ್ವಲ್ಪ ಬಿಡುವಾದ ಮೇಲೆ ಹೆಲ್ಮೆಟ್ಟಿನ ಗಾಜು ಎತ್ತಿ, ಮುಖ ತಿರುಗಿಸದೆ, ಪ್ರಶ್ನೆ ಕೂಗುತ್ತಿದ್ದೆ. ಅವಳು ನನ್ನ ಬೆನ್ನಿಗೆ ಉತ್ತರ ಹೇಳುತ್ತಿದ್ದಳು.

“ಇಂಟರ್‌ವ್ಯೂ ಮಾಡೂ ಸರ್ ಇಷ್ಟ ಒದರೂದಿಲ್ಲಪಾ ಅಲ್ಲೆ,” ಅನ್ನುತ್ತಿದ್ದಳು.

“ಒದರದಿದ್ರ ಲಾರಿ ಸಪ್ಪಳದಾಗ ಹೆಂಗ ಕೇಳಬೇಕು ಮೇಡಮ್ಮಾರ.”

ಉತ್ತರದ ಅರ್ಥ ನನಗೆ ನಾಲ್ಕಾಣೆಯಷ್ಟೂ ಆಗುತ್ತಿರಲಿಲ್ಲ. ಆದರೆ ನನ್ನ ಕೆಲಸ ಕಿವಿಯ ಕೆಲಸ. ಮೋಟರು ಬಿಚ್ಚುವ ಮೊದಲೇ ಅದರ ಬೇರಿಂಗ್ ಹೋಗಿದೆಯೋ ಇಲ್ಲವೋ ಸಪ್ಪಳದಲ್ಲೇ ಗೊತ್ತಾಗುತ್ತದೆ. ಬೇರೆ ಪ್ರಶ್ನೆಗಳಿಗೆ ಅವಳ ದನಿ ಸಲೀಸಾಗಿ ಓಡುತ್ತಿತ್ತು. ‘ವೈ ನೌ’ ಅಂದಾಗ ಮಾತ್ರ ಉತ್ತರ ಬೇಗ ಬರುತ್ತಿತ್ತು, ದಿನವೂ ಒಂದೇ ಥರ ಬರುತ್ತಿತ್ತು, ಒಳಗೆ ಏನೋ ಸಡಿಲಾಗಿ ಅಲುಗುತ್ತಿತ್ತು. ಅದು ಅವಳ ಸ್ವಂತ ಮಾತಲ್ಲ, ಎಲ್ಲಿಂದಲೋ ತಂದು ಕೂರಿಸಿದ್ದು. ನನಗೆ ಮೊದಲ ವಾರವೇ ಗೊತ್ತಾಯಿತು. ಹೇಳಲಿಲ್ಲ. ಹೇಳಿದರೆ, ಬೇಡ ಎಂದು ನೆಪ ಹುಡುಕುತ್ತಿದ್ದೇನೆ ಅಂದುಕೊಂಡಾಳು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ವರ್ಕ್‌ಶಾಪಿನಲ್ಲಿ ಸುದ್ದಿ ತಿಳಿದು, ಲೇಥ್ ಯಂತ್ರದ ಮೇಲೆ ಕೆಲಸ ಮಾಡುವ ಗೆಳೆಯ, “ಎಂಬಿಎ ಆದಮ್ಯಾಲ ಮನ್ಯಾಗೂ ಮೀಟಿಂಗ್ ಇರ್ತಾವ ನೋಡಪಾ. ಮೊದಲ ಟೈಮ್ ತಗೊಂಡು ಒಳಗ ಹೋಗು,” ಎಂದ. ಎಲ್ಲರೂ ನಕ್ಕರು. ನಾನು ನಕ್ಕಿದ್ದು ಹೆಚ್ಚು ಹೊತ್ತು ಉಳಿಯಲಿಲ್ಲ.

ಫಾರ್ಮು ಕಳಿಸಲು ನಾಲ್ಕೇ ದಿನ ಉಳಿದಿದ್ದವು. ಅಂದು ‘ವೈ ನೌ’ ಎಂದು ಕೂಗಿದೆ. ಹಿಂದಿನಿಂದ ಇಂಗ್ಲಿಷ್ ಬರಲಿಲ್ಲ. ರಾಯಾಪುರದ ಹತ್ತಿರ ಬೈಕು ನಿಲ್ಲಿಸು ಎಂದಳು. ಚಹಾದಂಗಡಿಯ ಬೆಂಚಿನ ಮೇಲೆ ಕೂತೆವು.

“ಖರೇ ಹೇಳ್ಲೇನು? ಒಮ್ಮೆ ಆದ್ರೂ, ಕೆಡೂಕಿಂತ ಮೊದಲ ನನ್ನ ಮಾತ ಕೇಳ್ಲಿ ಅಂತ. ಅಷ್ಟ. ಅದಕ್ಕ ಒಂದ ವರ್ಷ, ಕೈಯಾಗಿನ ನೌಕರಿ, ಎಲ್ಲಾ ಬಿಟ್ಟು ಹೋಗೂದು ಶಾಣ್ಯಾತನೋ ಹುಚ್ಚೋ ತಿಳಿವಲ್ದು. ಎಲ್ಲಾರ್ನೂ ಕೇಳಿದೆ. ನೀ ಒಬ್ಬನ ಹೇಳಿಲ್ಲ. ನೀ ಏನಂತೀ?”

ಆ ಮಾತಿನಲ್ಲಿ ಯಾವ ಅಲುಗಾಟವೂ ಇರಲಿಲ್ಲ. ಎಣ್ಣೆ ಕೊಟ್ಟ ಯಂತ್ರದ ಹಾಗೆ ಸ್ವಚ್ಛವಾಗಿತ್ತು. ‘ಇದನ್ನ ಹೇಳು, ಇದು ಖರೇ ಐತಿ, ಹೋಗಿ ಬಾ, ನಾ ಇರ್ತೇನಿ’ ಎಂದರೆ ಮುಗಿಯುತ್ತಿತ್ತು. ನಾನು ಚಹಾ ಆರಿಸಿಕೊಳ್ಳುತ್ತಾ, “ನಿನಗ ತಿಳದಂಗ ಮಾಡು,” ಅಂದೆ.

ಅವಳು ಲೋಟ ಬೆಂಚಿನ ಮೇಲಿಟ್ಟಳು. “ಆತು ನಡಿ, ಹೊತ್ತಾತು,” ಎಂದು ಎದ್ದಳು.

ಮರುದಿನ ನವಲೂರು ದಾಟಿದ ಮೇಲೆ ಗಾಜು ಎತ್ತಿದೆ. “ಪ್ರಶ್ನಿ ಸಾಕಿನ್ನ,” ಎಂದಳು. ನಾನು ಯಾಕೆಂದು ಕೇಳಲಿಲ್ಲ. ಬೈಕು ಹಗುರಾಗಿ ಓಡಿದಂತೆ ಅನ್ನಿಸಿತು. ಇದನ್ನು ಬರೆಯುವುದು ಕಷ್ಟ, ಆದರೆ ಹಾಗೇ ಅನ್ನಿಸಿತ್ತು.

ಆಮೇಲೆ ಎರಡು ತಿಂಗಳಿಗೆ ಜ್ವರ ಬಂತು. ಡೆಂಗ್ಯೂ ಅಂದರು. ಹನ್ನೊಂದು ದಿನ. ಅದರ ವಿಷಯ ಇನ್ನೂ ಬರೆಯಲಾರೆ.

ಆಫೀಸಿನಲ್ಲಿ ಅವಳ ಕೈಕೆಳಗೆ ಆರು ವರ್ಷ ಕೆಲಸ ಮಾಡಿದ ಹೆಣ್ಣುಮಗಳು ನನಗಾಗಿ ಕಾಯುತ್ತಿದ್ದಳು. ಒಂದು ಕೈಚೀಲದಲ್ಲಿ ಸ್ವೆಟರು, ಸ್ಟೀಲ್ ಡಬ್ಬಿ, ಕನ್ನಡಕದ ಪೆಟ್ಟಿಗೆ, ಒಂದು ಜೊತೆ ಚಪ್ಪಲಿ ನೀಟಾಗಿ ಇಟ್ಟಿದ್ದಳು. ಖಾಲಿ ಕುರ್ಚಿ ತೋರಿಸಿದಳು. ಕಿಟಕಿಯ ಪಕ್ಕದ್ದು. ಅಲ್ಲಿಂದ ಗೇಟು ಕಾಣುತ್ತಿತ್ತು, ನಾನು ಬೈಕು ತಿರುಗಿಸುವ ಜಾಗವೂ.

“ಮೇಡಂ ಫಾರ್ಮ್ ಪೂರ್ತಿ ತುಂಬಿದ್ರುರೀ ಅಣ್ಣಾರ,” ಎಂದಳು. “ಕಡೀ ದಿನ ಸಂಜಿತನಾ ಹಂಗ ತಗದ ಇಟ್ಟಕೊಂಡು ಕುಂತಿದ್ರು. ಕಳಸ್ರಿ ಮೇಡಂ ಅಂದೆ. ‘ಮನ್ಯಾಗ ಅವ್ರಿಗೆ ಮನಸಿಲ್ಲ ಬಿಡವಾ’ ಅಂದ್ರು.”

“ನಾ ಬ್ಯಾಡ ಅಂದಿಲ್ರೀ,” ಅಂದೆ.

ಪರರ ಮನೆಯ ಮಾತು ಆಡಿಬಿಟ್ಟೆನಲ್ಲ ಎಂದು ಅವಳಿಗೇ ಸಂಕೋಚವಾದಂತೆ ಕಂಡಿತು.

ಮೆಟ್ಟಿಲು ಇಳಿಯುವಾಗ ನನ್ನ ಮಾತನ್ನು ನಾನೇ ತಿರುಗಿ ತಿರುಗಿ ಕೇಳಿಕೊಂಡೆ. ನಿಜ, ಬೇಡ ಎಂದಿರಲಿಲ್ಲ. ಆದರೆ ನಮ್ಮ ಕಡೆ ‘ನಿನಗ ತಿಳದಂಗ ಮಾಡು’ ಎಂದು ಯಾವಾಗ ಅನ್ನುತ್ತಾರೆ ಎಂಬುದು ಸಣ್ಣವರಿಗೂ ಗೊತ್ತು. ಅಪ್ಪ ನನಗೆ ಹಾಗೆ ಅಂದಾಗಲೆಲ್ಲ ಮಾಡಬೇಕೆಂದದ್ದನ್ನು ನಾನು ಕೈಬಿಟ್ಟಿದ್ದೇನೆ. ಅವಳ ಮೇಲಿನ ಗೌರವದಿಂದ ಅಂದೆ ಎಂದು ಆವತ್ತಿನಿಂದಲೂ ನಂಬಿಕೊಂಡಿದ್ದೆ. ಗೌರವವೂ ಇತ್ತು. ಅದರ ಕೆಳಗೆ ಹೆದರಿಕೆ ಇತ್ತು. ಅಷ್ಟು ಕಲಿತು ಬಂದವಳು ಮತ್ತೆ ನನ್ನ ಬೈಕಿನ ಹಿಂದೆ ಕೂರುತ್ತಾಳೋ ಇಲ್ಲವೋ ಎಂಬ ಹೆದರಿಕೆ. ಅವಳಿಗೂ ಕಿವಿ ಇತ್ತಲ್ಲ.

ಆ ಹೆಣ್ಣುಮಗಳು ಬಾಗಿಲತನಕ ಕಳಿಸಲು ಬಂದಳು. ನಿಂತು, ಚೀಲದ ಹಿಡಿಕೆ ನನ್ನ ಕೈಗೆ ಕೊಡುತ್ತಾ, “ನಾನೂ ಮುಂದಿನ ಸಲ ಹಾಕಬೇಕಂತ ಮಾಡೇನ್ರೀ, ಅದೇ ಕೋರ್ಸಿಗೆ. ಮೇಡಂ ಇದ್ದಿದ್ರ ಕೇಳ್ತಿದ್ದೆ. ಹಾಕ್ಲೋ ಬ್ಯಾಡೋ ಒಂದೂ ತಿಳಿವಲ್ದು,” ಎಂದಳು. ನನ್ನನ್ನು ಕೇಳಿದಳೋ, ಮಾತಿಗೆ ಮಾತು ಅಂದಳೋ ಗೊತ್ತಿಲ್ಲ.

“ನಿಮಗ ತಿಳದಂಗ ಮಾಡ್ರಿ,” ಎಂದುಬಿಟ್ಟೆ.

ಅವಳು ತಲೆಯಾಡಿಸಿ ಒಳಗೆ ಹೋದಳು. ನಾನು ಗೇಟು ದಾಟಿ ಬಂದು, ಹಿಂದಿನ ಸೀಟಿಗೆ ಚೀಲ ಕಟ್ಟಿ, ಕೀಲಿ ತಿರುಗಿಸಿದೆ. ಕಿಕ್ ಹೊಡೆಯದೆ ಮತ್ತೆ ಕೀಲಿ ತೆಗೆದೆ. ಚೀಲ ಬಿಚ್ಚಿಕೊಂಡು ತಿರುಗಿ ಹೋದೆ.

“ಈಗರ ಹೋದ್ರಿ, ಮತ್ತ್ಯಾಕ ಬಂದ್ರಿ? ಏನರ ಬಿಟ್ಟೀರೇನು?” ಎಂದ ಗೇಟಿನ ವಾಚ್‌ಮನ್. ಒಂಬತ್ತು ವರ್ಷದಿಂದ ನನ್ನ ಮುಖ ಕಂಡವನು.

“ಹೂನ್ರಿ, ಬಿಟ್ಟೇನಿ.”

“ಮತ್ತ ಬರೀಬೇಕಾಗ್ತದ ನೋಡ್ರಿ. ರೂಲ್ಸ್ ಐತಿ.” ರಿಜಿಸ್ಟರು ನನ್ನ ಮುಂದೆ ಸರಿಸಿದ.

ಮೇಲಿನ ಸಾಲಿನಲ್ಲಿ ನನ್ನದೇ ಅಕ್ಷರ ಇತ್ತು. ಬಂದ ಕಾರಣ: ಸಾಮಾನು ಒಯ್ಯಲು. ಅದರ ಕೆಳಗೆ ಬರೆದೆ: ಒಂದು ಮಾತು ಹೇಳಲು.

ವಾಚ್‌ಮನ್ ಅದನ್ನು ಓದಿ ಒಳಗೆ ಫೋನು ಹಚ್ಚಿದ. ಆ ಹೆಣ್ಣುಮಗಳು ಮೀಟಿಂಗಿನಲ್ಲಿದ್ದಾಳಂತೆ, ತಡವಾಗುತ್ತದಂತೆ. ಕೂತಿರುತ್ತೇನೆ ಅಂದೆ. ನೆರಳಿನಲ್ಲಿದ್ದ ಕುರ್ಚಿಯ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅವಳು ಬಂದರೆ ಮೊದಲು ‘ವೈ ನೌ’ ಪ್ರಶ್ನೆ ಕೇಳಬೇಕು, ಉತ್ತರವನ್ನು ಕನ್ನಡದಲ್ಲೇ ಹೇಳ್ರಿ ಅನ್ನಬೇಕು, ಕಿವಿಗೆ ಕೇಳಿದ್ದನ್ನು ಹೇಳಿಬಿಡಬೇಕು ಎಂದು ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತಿದ್ದೆ.